ಮನೆಯ ಜಾಲಕ್ಕೆ ಎಂಥ ರ‍್ಯಾಕ್?

ಪ್ರಶ್ನೆ: ವೈಫೈ ರೂಟರ್, ಎಂಟು ಪೋರ್ಟಿನ ಸ್ವಿಚ್ (ಹಲವು ಸಾಧನಗಳನ್ನು ಕೇಬಲ್ ಮೂಲಕ ಜಾಲಕ್ಕೆ ಜೋಡಿಸುವ ಪೆಟ್ಟಿಗೆ) ಮತ್ತು ಎರಡು ಡಿಸ್ಕಿನ ಸಂಗ್ರಹ ಪೆಟ್ಟಿಗೆಯನ್ನು ಒಂದೆಡೆ ಜೋಡಿಸಲು ಎಷ್ಟು ದೊಡ್ಡ ರ‍್ಯಾಕ್ ಬೇಕು?

ಉತ್ತರ: ರ‍್ಯಾಕ್ ಎಂದರೆ ಇಂಥ ಸಾಧನಗಳನ್ನು ಒಂದರ ಮೇಲೊಂದು ಜೋಡಿಸಿಡುವ ಚೌಕಟ್ಟು. ರ‍್ಯಾಕಿನ ಎತ್ತರವನ್ನು ‘ಯು’ ಎಂಬ ಮಾನದಲ್ಲಿ ಹೇಳುತ್ತಾರೆ, ಒಂದು ಯು ಎಂದರೆ 44.45 ಮಿಲಿಮೀಟರ್. ಸ್ವಿಚ್‌ಗೆ ಒಂದು, ನಿಲ್ಲಿಸಿಟ್ಟ ಸಂಗ್ರಹ ಪೆಟ್ಟಿಗೆಗೆ ಸುಮಾರು ನಾಲ್ಕು ಯು ಎಂದು ಲೆಕ್ಕ ಹಾಕಿದರೆ, 10 ಇಂಚು ಅಗಲದ 6 ಯು ರ‍್ಯಾಕ್ ಸಾಕು. ಮುಂದೆ 24 ಪೋರ್ಟಿನ ಸ್ವಿಚ್ ತರುವ ಯೋಚನೆಯಿದ್ದರೆ ಮಾತ್ರ, ಅಂಥವು ಸಾಮಾನ್ಯವಾಗಿ 19 ಇಂಚಿನ ಚೌಕಟ್ಟಿಗೇ ತಯಾರಾಗುವುದರಿಂದ, ಈಗಲೇ ಅದನ್ನು ಆರಿಸಿಕೊಳ್ಳುವುದು ಲೇಸು. ಹಲವರು ಎಡವುವುದು ಆಳದ ವಿಷಯದಲ್ಲಿ: ಪೆಟ್ಟಿಗೆಯನ್ನಷ್ಟೇ ಅಳೆದು, ಹಿಂಬದಿಯ ಪ್ಲಗ್ಗಿಗೂ ಕೇಬಲ್ ಬಾಗುವುದಕ್ಕೂ ಬೇಕಾದ ನಾಲ್ಕೈದು ಬೆರಳಿನಷ್ಟು ಜಾಗವನ್ನು ಮರೆತರೆ ಬಾಗಿಲು ಮುಚ್ಚುವುದೇ ಇಲ್ಲ. ರೂಟರನ್ನು ಮಾತ್ರ ಹೊರಗೇ ಇಡಿ. ಲೋಹದ ಕವಚ ವೈಫೈ ಸಂಕೇತವನ್ನು ಕುಗ್ಗಿಸುತ್ತದೆ.