ನಿಮ್ಮ ಲೇಖನದ ನಾಯಕ ಆ ಕಿಂಡಿ

ನಮಸ್ಕಾರ.

ಕಾರ್ ಸ್ಟೀರಿಯೊ ಕಂಪನಿಗಳ ಚರಿತ್ರೆ ಬಗ್ಗೆ ನೀವು ಕಳಿಸಿದ ಲೇಖನವನ್ನು ಪೂರ್ತಿ ಓದಿದೆ. ಈಗಿರುವ ಹಾಗೆ ಹಾಕಿಕೊಳ್ಳಲು ಆಗುವುದಿಲ್ಲ. ಆದರೆ ಸುಮ್ನೆ ‘ವಿಷಾದಿಸುತ್ತೇವೆ’ ಅಂತ ವಾಪಸ್ ಕಳಿಸುವ ಬರಹವೂ ಇದಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲ ಪ್ಯಾರಾ ತೆಗೆದುಬಿಡಿ. ಸಂಗೀತವಿಲ್ಲದ ಪಯಣ ಉಪ್ಪಿಲ್ಲದ ಊಟ ಅನ್ನುವ ಮಾತನ್ನು ಯಾವ ಲೇಖನದ ತಲೆಗೆ ಬೇಕಾದರೂ ಅಂಟಿಸಬಹುದು.

ದೊಡ್ಡ ತೊಂದರೆ ಬೇರೆ ಇದೆ. 11 ಕಂಪನಿ, 11 ಭಾಗ. ಪ್ರತಿಯೊಂದರಲ್ಲೂ ಸ್ಥಾಪಕ ಯಾರು, ಮೊದಲು ಏನು ಮಾಡಿದರು, ಕೊನೆಗೆ ‘ಇಂದಿಗೂ ಗುಣಮಟ್ಟಕ್ಕೆ ಹೆಸರುವಾಸಿ’. ಮೂರನೇ ಕಂಪನಿಗೆ ಬರುವಷ್ಟರಲ್ಲಿ ಓದುಗ ಎದ್ದು ಹೋಗುತ್ತಾನೆ. ಜೊತೆಗೆ ಬಿಡಿಬಿಡಿಯಾಗಿ ಬರೆದದ್ದರಿಂದ ನಂಟುಗಳೇ ಕಳೆದುಹೋಗಿವೆ. ಮೊಟೊರೋಲಾ ನಿಮ್ಮ ಎರಡನೇ ಭಾಗ, ಆಲ್ಪೈನ್ ಏಳನೆಯದು. ಆದರೆ ಆಲ್ಪೈನ್ ಹುಟ್ಟಿದ್ದೇ 1967ರಲ್ಲಿ, ಜಪಾನಿನ ಆಲ್ಪ್ಸ್ ಎಲೆಕ್ಟ್ರಿಕ್ ಕಂಪನಿ ಮತ್ತು ಮೊಟೊರೋಲಾ ಸೇರಿ ಮಾಡಿದ ಕಂಪನಿಯಾಗಿ. 1978ರಲ್ಲಿ ಮೊಟೊರೋಲಾ ತನ್ನ ಪಾಲು ಬಿಟ್ಟುಕೊಟ್ಟ ಮೇಲೆ ಅದಕ್ಕೆ ಆಲ್ಪೈನ್ ಅನ್ನುವ ಹೆಸರು ಬಂತು. ಕಾರ್ ರೇಡಿಯೊದಿಂದಲೇ ಹೆಸರು ಮಾಡಿದ ಅಮೆರಿಕದ ಕಂಪನಿ ಆ ಪಾಲನ್ನು ಜಪಾನಿಗೆ ಬಿಟ್ಟು ಎದ್ದು ಹೋಯಿತು. ಇದು ಕಥೆ, ಅಲ್ವಾ? ನಿಮ್ಮ ಲೇಖನದಲ್ಲಿ ಇಲ್ಲ.

ಹರ್ಮನ್ ಕಂಪನಿಗೆ ನೀವು ಕೊಟ್ಟಿರುವುದು ನಾಲ್ಕು ಸಾಲು. ಅದರಲ್ಲೂ ಒಂದು ತಪ್ಪು. ಸ್ಪೀಕರ್ ಮಾಡುವ ಜೆಬಿಎಲ್ ಶುರು ಮಾಡಿದ್ದು ಆ ಕಂಪನಿಯ ಸಿಡ್ನಿ ಹರ್ಮನ್ ಅಲ್ಲ, ಜೇಮ್ಸ್ ಲ್ಯಾನ್ಸಿಂಗ್, 1946ರಲ್ಲಿ. ಹರ್ಮನ್ ಅದನ್ನು ಕೊಂಡದ್ದು 1969ರಲ್ಲಿ. ಅಲ್ಲಿಂದ ಮುಂದಿನದು ಬಲು ರುಚಿಯಾದ ಕಥೆ. 1977ರಲ್ಲಿ ಅಮೆರಿಕದ ಕಾರ್ಟರ್ ಸರ್ಕಾರದ ವಾಣಿಜ್ಯ ಇಲಾಖೆಯಲ್ಲಿ ಹರ್ಮನ್‌ಗೆ ದೊಡ್ಡ ಹುದ್ದೆ ಸಿಕ್ಕಿತು. ಸರ್ಕಾರದಲ್ಲಿದ್ದುಕೊಂಡು ಕಂಪನಿ ನಡೆಸುವ ಹಾಗಿಲ್ಲ. ಮಾರಿದರು. ಕೊಂಡವರು ಬಿಯಾಟ್ರಿಸ್ ಫುಡ್ಸ್, ಹಾಲು ಬೆಣ್ಣೆಯಿಂದ ಶುರುವಾದ ಆಹಾರ ಕಂಪನಿ! ಸ್ಪೀಕರ್ ವ್ಯಾಪಾರ ಅವರ ಕೈಗೆ ಹತ್ತಲಿಲ್ಲ, ಕೆಲವು ಭಾಗಗಳನ್ನು ಮಾರಿಕೊಂಡರು. ಹರ್ಮನ್ ಹುದ್ದೆ ಬಿಟ್ಟು ಬಂದು, 1980ರಲ್ಲಿ ಜೆಬಿಎಲ್ ಸೇರಿದಂತೆ ಉಳಿದದ್ದನ್ನು ಮಾರಿದ್ದಕ್ಕಿಂತ ಕಡಿಮೆ ದುಡ್ಡಿಗೆ ವಾಪಸ್ ಕೊಂಡರು. ಹರ್ಮನ್ ಕಾರ್ಡನ್ ಅನ್ನುವ ತಮ್ಮದೇ ಹೆಸರು ಮಾತ್ರ ಅಷ್ಟರಲ್ಲಿ ಒಂದು ಜಪಾನಿ ಕಂಪನಿಯ ಪಾಲಾಗಿತ್ತು. ಅದು ಮರಳಿದ್ದು 1985ರಲ್ಲಿ. ಇದಕ್ಕೆ ಒಂದು ಇಡೀ ಪುಟ ಕೊಡಿ, ಜಾಸ್ತಿ ಆಗುವುದಿಲ್ಲ.

ಬ್ಲಾಪಂಕ್ಟ್ ಭಾಗ ನಿಮ್ಮ ಬರಹದಲ್ಲೇ ಒಳ್ಳೆಯದು. 1932ರಲ್ಲಿ ಅವರು ತಂದ ಯುರೋಪಿನ ಮೊದಲ ಕಾರ್ ರೇಡಿಯೊ ಸುಮಾರು 15 ಕೆಜಿ ತೂಗುತ್ತಿತ್ತು ಅನ್ನುವ ವಿವರ ಇರಲಿ. ಆದರೆ ‘ಶತಮಾನದ ಜರ್ಮನ್ ಗುಣಮಟ್ಟ ಇಂದು ನಮ್ಮ ಮನೆಯ ಟಿವಿಯಲ್ಲೂ’ ಎಂದು ಮುಗಿಸಿದ್ದೀರಿ. ಇದು ಜಾಹೀರಾತಿನ ಸಾಲು, ನಿಜವೂ ಅಲ್ಲ. 1933ರಿಂದ ಬ್ಲಾಪಂಕ್ಟ್ ಜರ್ಮನಿಯದೇ ಆದ ಬಾಷ್ ಕಂಪನಿಯ ಕೈಲಿತ್ತು. ಬಾಷ್ ಅದನ್ನು ಮಾರಲು ಹೊರಟಿದ್ದು 2008ರಲ್ಲಿ. ಕೊಂಡ ಹೂಡಿಕೆ ಕಂಪನಿಯ ಕೈಯಲ್ಲಿ ಅದು ಹತ್ತು ವರ್ಷವೂ ಬಾಳದೆ ದಿವಾಳಿಯಾಯಿತು. ಈಗ ಇಲ್ಲಿ ಸಿಗುವ ಟಿವಿ ಮಾಡುವವರು ಆ ಹೆಸರಿಗೆ ಲೈಸೆನ್ಸ್ ಪಡೆದ ಭಾರತದ ಕಂಪನಿಯವರು.

ಇದರಲ್ಲೇ ನಿಮ್ಮ ಲೇಖನದ ಬೀಗದ ಕೈ ಇದೆ. ಬಾಷ್ ಮಾರಿದ್ದು ಹೆಸರನ್ನು ಮತ್ತು ಅಂಗಡಿಯಲ್ಲಿ ಸಿಗುವ ಸೆಟ್‌ಗಳ ವ್ಯಾಪಾರವನ್ನು. ಕಾರ್ ಕಾರ್ಖಾನೆಗಳಿಗೆ ನೇರವಾಗಿ ಮಾಡಿಕೊಡುವ ಕೆಲಸ ಉಳಿಸಿಕೊಂಡಿತು. ಯಾಕೆ?

ನಿಮ್ಮ ಇಸವಿಗಳನ್ನೇ ಒಂದೆಡೆ ಬರೆದು ನೋಡಿ. 2017: ಹರ್ಮನ್ ಸ್ಯಾಮ್ಸಂಗ್‌ಗೆ, 800 ಕೋಟಿ ಡಾಲರಿಗೆ. ಅದೇ ವರ್ಷ ಕಾರ್ ಸ್ಟೀರಿಯೊ ಮಾಡುವ ಫುಜಿತ್ಸು ಟೆನ್, ಕಾರ್ ಬಿಡಿಭಾಗ ಮಾಡುವ ಡೆನ್ಸೊ ಹಿಡಿತಕ್ಕೆ. 2019: ಕ್ಲಾರಿಯನ್ ಫ್ರಾನ್ಸಿನ ಫೋರೇಸಿಯಾಗೆ, ಸೀಟು ಮತ್ತು ಸೈಲೆನ್ಸರ್ ಮಾಡುವವರಿಗೆ. ಅದೇ ವರ್ಷ ಆಲ್ಪೈನ್ ಆಲ್ಪ್ಸ್ ಜೊತೆ ವಿಲೀನ, ಪಯನೀರ್ ಒಂದು ಹೂಡಿಕೆ ಸಂಸ್ಥೆಯ ಕೈಗೆ. ಮೂರು ವರ್ಷದಲ್ಲಿ ಐದು. ಇವನ್ನು ನೀವು ಐದು ಭಾಗಗಳಲ್ಲಿ ಚದುರಿಸಿದ್ದೀರಿ.

ಇದಕ್ಕೆಲ್ಲ ಒಂದು ದೊಡ್ಡ ಕಾರಣ ಡ್ಯಾಶ್‌ಬೋರ್ಡಿನಲ್ಲಿ ಸ್ಟೀರಿಯೊ ಸೆಟ್ ಕೂರುವ ಕಿಂಡಿ. 180 ಮಿಮೀ ಅಗಲ, 50 ಮಿಮೀ ಎತ್ತರ, ನಾವು ಸಿಂಗಲ್ ಡಿನ್ ಅನ್ನುವುದು. ಜರ್ಮನಿಯ ಈ ಅಳತೆ ಮುಂದೆ ಅಂತರರಾಷ್ಟ್ರೀಯ ಮಾನದಂಡವಾಯಿತು. ಈ ಅಳತೆಯ ಕಿಂಡಿ ಇದ್ದ ಯಾವ ಕಾರಿನ ಸೆಟ್ಟನ್ನಾದರೂ ಕಿತ್ತು ಪಯನೀರ್, ಕೆನ್‌ವುಡ್ ಕೂರಿಸಬಹುದಿತ್ತು. ಈ ಕಂಪನಿಗಳಿಗೆ ತಮ್ಮ ಹೆಸರಿನಲ್ಲೇ ಗಿರಾಕಿ ಸಿಕ್ಕಿದ್ದು ಆ ಕಿಂಡಿಯಿಂದ. ಆಮೇಲೆ ಕಾರಿನವರು ಅದನ್ನೇ ಮುಚ್ಚಿದರು. ಸ್ಕ್ರೀನ್ ಡ್ಯಾಶ್‌ಬೋರ್ಡಿನಲ್ಲೇ ಬೆಸೆದುಹೋಯಿತು. ಎಸಿ, ರಿವರ್ಸ್ ಕ್ಯಾಮೆರಾ ಎಲ್ಲ ಅದರೊಳಗೇ. ಹಾಡು, ಮ್ಯಾಪ್ ಮೊಬೈಲಿನಿಂದ ಬಂದವು. ಕಿತ್ತು ಹಾಕಲು ಏನೂ ಉಳಿಯಲಿಲ್ಲ. ಉಳಿದದ್ದು ಕಾರ್ ಕಂಪನಿಗೆ ಬಿಡಿಭಾಗ ಪೂರೈಸುವ ಕೆಲಸ. ಅದಕ್ಕೆ ಬೇಕಾದ ಬಂಡವಾಳ ದೊಡ್ಡವರ ಹತ್ತಿರವೇ ಇರುವುದು.

ಹಾಗಾಗಿ ಕಿಂಡಿಯಿಂದ ಶುರು ಮಾಡಿ. ಬ್ಲಾಪಂಕ್ಟ್, ಹರ್ಮನ್, ಆಲ್ಪೈನ್ ಮೂರು ಸಾಕು. ಬೇರೆಯವು ಹೆಸರಿಗಷ್ಟೇ ಬಂದು ಹೋಗಲಿ. ನೀವು ಬೆಂಗಳೂರಿನವರು. ಜೆ.ಸಿ. ರಸ್ತೆಯ ಕಾರ್ ಆಕ್ಸೆಸರಿ ಅಂಗಡಿಗಳಲ್ಲಿ ವರ್ಷಗಳಿಂದ ಸೆಟ್ ಕೂರಿಸುತ್ತಿರುವವರನ್ನು ಮಾತಾಡಿಸಿ. ಕಂಪನಿ ಫಿಟೆಡ್ ಸ್ಕ್ರೀನ್ ಬಂದ ಮೇಲೆ ಏನು ಮಾರುತ್ತಿದ್ದಾರೆ ಅಂತ ಕೇಳಿ. ಅವರು ಹೇಳಿದ್ದನ್ನು ತಿದ್ದದೆ, ಅವರ ಮಾತಲ್ಲೇ ಬರೆದುಕೊಳ್ಳಿ.

1,200 ಪದ ಮೀರದಂತೆ ಮತ್ತೆ ಕಳಿಸಿ. ಲೋಗೋ ಚಿತ್ರಗಳು ಬೇಡ. ಖಾಲಿ ಕಿಂಡಿಯ ಫೋಟೊ ನೀವೇ ತೆಗೆದದ್ದು ಸಿಕ್ಕರೆ ಲಗತ್ತಿಸಿ.