ನಕ್ಷೆ ಬರೆಯುವ ಅಧಿಕಾರ ಯಾರ ಕೈಯಲ್ಲಿರಬೇಕು?

ಪ್ರಶ್ನೆ: ಅಮೆರಿಕದ ಪೌರತ್ವ ಪಡೆದ ಮೇಲೆ ಮೊದಲ ಬಾರಿಗೆ ಮತ ಹಾಕಲಿದ್ದೇನೆ. ಕ್ಷೇತ್ರ ಮರುವಿಂಗಡಣೆಯ ವಿಷಯ ಬಂದಾಗ ಅಭ್ಯರ್ಥಿಗಳೆಲ್ಲರೂ ‘ನ್ಯಾಯಯುತ ನಕ್ಷೆ ಬೇಕು’ ಎಂದೇ ಹೇಳುತ್ತಾರೆ. ಅವರ ನಿಜವಾದ ನಿಲುವನ್ನು ತಿಳಿಯುವುದು ಹೇಗೆ?

ಉತ್ತರ: ಆ ಮಾತನ್ನು ನಿಲುವೆಂದು ದಯವಿಟ್ಟು ಪರಿಗಣಿಸಬೇಡಿ, ಅನ್ಯಾಯದ ನಕ್ಷೆ ಬೇಕೆಂದು ಮತ ಯಾಚಿಸುವವರು ಯಾರೂ ಇಲ್ಲ. ನಕ್ಷೆಯನ್ನು ಯಾರು ಬರೆಯಬೇಕು, ತಮ್ಮ ಪಕ್ಷಕ್ಕೇ ಬಹುಮತವಿರುವಾಗಲೂ ಆ ಅಧಿಕಾರವನ್ನು ಬಿಟ್ಟುಕೊಡಲು ಸಿದ್ಧರಿದ್ದಾರೆಯೇ ಎಂಬ ಎರಡು ಪ್ರಶ್ನೆಗಳಿಗೆ ಅವರು ಕೊಡುವ ಉತ್ತರವೇ ನಿಲುವು.

ಹತ್ತು ವರ್ಷಗಳಿಗೊಮ್ಮೆ ನಡೆಯುವ ಜನಗಣತಿಯ ನಂತರ, ಹೆಚ್ಚಿನ ರಾಜ್ಯಗಳಲ್ಲಿ ಕಾಂಗ್ರೆಸ್ (ಅಮೆರಿಕದ ಸಂಸತ್ತು) ಕ್ಷೇತ್ರಗಳ ಗಡಿಯನ್ನೂ ಗುರುತಿಸುವುದು ರಾಜ್ಯ ಶಾಸಕಾಂಗವೇ. ಆದ್ದರಿಂದ ವಾಷಿಂಗ್ಟನ್ನಿಗೆ ಹೋಗಬಯಸುವವರಿಗಿಂತ ಮೊದಲು ನಿಮ್ಮ ರಾಜ್ಯ ಶಾಸಕಾಂಗಕ್ಕೂ, ರಾಜ್ಯ ಸರ್ಕಾರದ ಮುಖ್ಯಸ್ಥರಾದ ಗವರ್ನರ್ ಸ್ಥಾನಕ್ಕೂ ಸ್ಪರ್ಧಿಸುತ್ತಿರುವವರನ್ನು ಗಮನಿಸಿ. ಈಗಾಗಲೇ ಶಾಸಕರಾಗಿರುವವರ ಭಾಷಣಕ್ಕಿಂತ ಅವರ ದಾಖಲೆಯನ್ನು ನಂಬುವುದು ಮೇಲು: ಯಾವ ಮಸೂದೆಯನ್ನು ಯಾರು ಮಂಡಿಸಿದರು, ಯಾರು ಹೇಗೆ ಮತ ಹಾಕಿದರು ಎಂಬುದು ಶಾಸಕಾಂಗದ ಜಾಲತಾಣದಲ್ಲಿ ಸಿಗುತ್ತದೆ.

‘ನಕ್ಷೆ ಬರೆಯಲು ಶಾಸಕಾಂಗದ ಬದಲು ಆಯೋಗವನ್ನು ಬೆಂಬಲಿಸುತ್ತೇನೆ’ ಎಂಬ ಉತ್ತರಕ್ಕೂ ತೃಪ್ತರಾಗಬೇಡಿ, ಏಕೆಂದರೆ ಆಯೋಗಗಳೆಲ್ಲ ಒಂದೇ ಬಗೆಯವಲ್ಲ. ಮಿಷಿಗನ್‌ನಲ್ಲಿ 2018ರ ಜನಮತದಿಂದ ರಚನೆಯಾದ ಆಯೋಗದಲ್ಲಿ 13 ಮಂದಿ ಸಾಮಾನ್ಯ ನಾಗರಿಕರಿದ್ದಾರೆ. ಎರಡು ಪ್ರಮುಖ ಪಕ್ಷಗಳ ಕಡೆಯಿಂದ ತಲಾ ನಾಲ್ವರು, ಯಾವ ಪಕ್ಷಕ್ಕೂ ಸೇರದವರು ಐವರು. ಒಹಾಯೊದ ಏಳು ಸದಸ್ಯರ ಆಯೋಗದಲ್ಲಾದರೋ ಗವರ್ನರ್ ಮೊದಲಾದ ರಾಜಕಾರಣಿಗಳೇ ಕೂರುತ್ತಾರೆ. ಅದರ ಬದಲು ನಾಗರಿಕರ ಆಯೋಗ ತರುವ ಪ್ರಸ್ತಾವವನ್ನು ಅಲ್ಲಿನ ಮತದಾರರು 2024ರಲ್ಲಿ ತಿರಸ್ಕರಿಸಿದರು. ಹೀಗಾಗಿ ಸದಸ್ಯರನ್ನು ಆರಿಸುವವರು ಯಾರು ಎಂದೂ ಕೇಳಲೇಬೇಕು.

ಅಭ್ಯರ್ಥಿಯ ಪ್ರಾಮಾಣಿಕತೆಗೆ ನಿಜವಾದ ಪರೀಕ್ಷೆಯೊಡ್ಡುವುದು 2025ರ ಬೆಳವಣಿಗೆ. ಟೆಕ್ಸಸ್‌ನ ರಿಪಬ್ಲಿಕನ್ನರು ಮುಂದಿನ ಜನಗಣತಿಗೆ ಕಾಯದೆ ತಮಗೆ ಅನುಕೂಲವಾಗುವಂತೆ ನಕ್ಷೆಯನ್ನು ಬದಲಿಸಿದರು. ಅದಕ್ಕೆ ಪ್ರತಿಯಾಗಿ ಕ್ಯಾಲಿಫೋರ್ನಿಯದ ಮತದಾರರು, ತಮ್ಮದೇ ಸ್ವತಂತ್ರ ಆಯೋಗ ಬರೆದ ಕಾಂಗ್ರೆಸ್ ನಕ್ಷೆಯನ್ನು ತಾತ್ಕಾಲಿಕವಾಗಿ ಬದಿಗಿಟ್ಟು, ಡೆಮಾಕ್ರಾಟರಿಗೆ ಅನುಕೂಲವಾದ ನಕ್ಷೆಗೆ ಒಪ್ಪಿಗೆ ಕೊಟ್ಟರು. ಇವೆರಡನ್ನೂ ಒಟ್ಟಿಗೆ ಮುಂದಿಟ್ಟು ಅಭಿಪ್ರಾಯ ಕೇಳಿ. ಒಂದನ್ನು ಮಾತ್ರ ಖಂಡಿಸುವವರ ಸುಧಾರಣೆಯ ಮಾತನ್ನು ನಾನಂತೂ ನಂಬಲಾರೆ. ‘ಎದುರು ಪಕ್ಷ ನಿಲ್ಲಿಸಿದರೆ ನಾವೂ ನಿಲ್ಲಿಸುತ್ತೇವೆ’ ಎನ್ನುವವರನ್ನು ತಳ್ಳಿಹಾಕಬೇಕಿಲ್ಲ. ಹಾಗಾದರೆ ಎಲ್ಲ ರಾಜ್ಯಗಳಿಗೂ ಅನ್ವಯಿಸುವ ಕಾನೂನಿಗೆ ಮತ ಹಾಕುವಿರಾ ಎಂದು ವಿಚಾರಿಸಿ. ಕಾಂಗ್ರೆಸ್‌ಗೆ ಸ್ಪರ್ಧಿಸುವ ಅಭ್ಯರ್ಥಿಗಳಿಗೆ ಕೇಳಬೇಕಾದದ್ದು ಇದೇ. ಸ್ವತಂತ್ರ ಆಯೋಗಗಳನ್ನು ಕಡ್ಡಾಯಗೊಳಿಸುವ ಅಂಶವಿದ್ದ ಮಸೂದೆಯೊಂದು 2021ರಲ್ಲಿ ಕೆಳಮನೆಯಲ್ಲಿ ಅಂಗೀಕಾರವಾಗಿ ಸೆನೆಟ್‌ನಲ್ಲಿ ನಿಂತುಹೋಯಿತು. ಆಗ ಸದಸ್ಯರಾಗಿದ್ದವರ ಮತ ದಾಖಲೆಯಲ್ಲಿದೆ.

ನಿಮ್ಮ ರಾಜ್ಯದಲ್ಲಿ ನ್ಯಾಯಾಧೀಶರನ್ನು ಚುನಾಯಿಸುವ ಪದ್ಧತಿಯಿದ್ದರೆ ಮತಪತ್ರದಲ್ಲಿ ಆ ಸಾಲನ್ನು ಖಾಲಿ ಬಿಡಬೇಡಿ. ಪಕ್ಷಪಾತದ ನಕ್ಷೆಗಳನ್ನು ಫೆಡರಲ್ ನ್ಯಾಯಾಲಯಗಳು ವಿಚಾರಣೆ ಮಾಡಲಾಗದೆಂದು ಸುಪ್ರೀಂ ಕೋರ್ಟ್ 2019ರಲ್ಲಿ ತೀರ್ಪಿತ್ತ ಮೇಲೆ ರಾಜ್ಯ ನ್ಯಾಯಾಲಯಗಳ ಮಹತ್ವ ಹೆಚ್ಚಿದೆ. ಉತ್ತರ ಕೆರೊಲಿನದ ಸರ್ವೋಚ್ಚ ನ್ಯಾಯಾಲಯ 2022ರಲ್ಲಿ ಅಂಥ ನಕ್ಷೆಗಳನ್ನು ರದ್ದುಪಡಿಸಿತ್ತು. ಚುನಾವಣೆಯಿಂದ ಪೀಠದ ಬಹುಮತ ಬದಲಾದೊಡನೆ, 2023ರಲ್ಲಿ, ಅದೇ ನ್ಯಾಯಾಲಯ ತನ್ನ ತೀರ್ಪನ್ನು ತಾನೇ ತಿರುವಿಹಾಕಿತು. ನ್ಯಾಯಾಧೀಶ ಸ್ಥಾನದ ಅಭ್ಯರ್ಥಿಗಳು ಮುಂದಿನ ತೀರ್ಪಿನ ಬಗ್ಗೆ ಭರವಸೆ ಕೊಡುವಂತಿಲ್ಲವಾದ್ದರಿಂದ ಅವರ ಹಿಂದಿನ ತೀರ್ಪುಗಳನ್ನೇ ಓದಬೇಕಾಗುತ್ತದೆ.

ಹೊಸ ಅಭ್ಯರ್ಥಿಗಳಿಗೆ ಇಂಥ ದಾಖಲೆಯಿರುವುದಿಲ್ಲ. ಲೀಗ್ ಆಫ್ ವಿಮೆನ್ ವೋಟರ್ಸ್ ಸಂಸ್ಥೆ ಅಭ್ಯರ್ಥಿಗಳಿಗೆ ಪ್ರಶ್ನಾವಳಿ ಕಳುಹಿಸಿ, ಬಂದ ಉತ್ತರಗಳನ್ನು ಪ್ರಕಟಿಸುತ್ತದೆ. ಅದರಲ್ಲಿ ಈ ವಿಷಯವಿಲ್ಲದಿದ್ದರೆ ನೀವೇ ಅಭ್ಯರ್ಥಿಯ ಕಚೇರಿಗೆ ಪತ್ರ ಬರೆದು, ಉತ್ತರವನ್ನು ಲಿಖಿತವಾಗಿಯೇ ಕೊಡುವಂತೆ ಕೋರಿ.