ಹುಲಿಪಟ್ಟೆಯ ಟಾಯ್ಗರ್: ಕೊಳ್ಳುವ ಮುಂಚೆ, ಮನೆಗೆ ತಂದ ಮೇಲೆ

ಪ್ರಶ್ನೆ: ನಾವು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿದ್ದೇವೆ. ಮಗಳು ಟಾಯ್ಗರ್ ಎಂಬ ತಳಿಯ ಬೆಕ್ಕಿನ ಮರಿಯೇ ಬೇಕೆಂದು ಹಟ ಹಿಡಿದಿದ್ದಾಳೆ. ಇದಕ್ಕೂ ಹುಲಿಗೂ ಸಂಬಂಧ ಉಂಟೇ? ಮರಿ ಆರಿಸುವಾಗ ಏನು ನೋಡಬೇಕು? ಎರಡು ವರ್ಷದಲ್ಲಿ ನಾವು ಬೆಂಗಳೂರಿಗೆ ವಾಪಸ್ ಬರುವವರು.

ಉತ್ತರ: ಹುಲಿಗೂ ಇದಕ್ಕೂ ನಂಟಿಲ್ಲ. ಈ ತಳಿ ಹುಟ್ಟಿದ್ದು ನೀವಿರುವ ಕ್ಯಾಲಿಫೋರ್ನಿಯಾದಲ್ಲೇ. 1980ರ ದಶಕದಲ್ಲಿ ಜೂಡಿ ಸಗ್ಡೆನ್ ಇದನ್ನು ಕಟ್ಟಲು ಶುರುಮಾಡಿದರು. ಬೆಂಗಾಲ್ ಎಂಬ ಬೆಕ್ಕಿನ ತಳಿಯನ್ನು ರೂಪಿಸಿದ ಜೀನ್ ಮಿಲ್ ಅವರ ಮಗಳು ಈಕೆ. ಪಟ್ಟೆಬೆಕ್ಕುಗಳ ಕಣತಲೆಯ ಮೇಲೆ ಸಾಧಾರಣವಾಗಿ ಗುರುತು ಇರುವುದಿಲ್ಲ. ತಮ್ಮ ಒಂದು ಬೆಕ್ಕಿನ ಕಣತಲೆಯಲ್ಲಿ ಎರಡು ಚುಕ್ಕೆ ಕಂಡಾಗ, ಹುಲಿಯ ಮುಖದ ದುಂಡು ಗೆರೆಗಳನ್ನು ಬೆಕ್ಕಿಗೂ ತರಬಹುದೆಂದು ಅವರಿಗೆ ಹೊಳೆಯಿತು. ಒಂದು ಬೆಂಗಾಲ್, ಒಂದು ಸಾಮಾನ್ಯ ಪಟ್ಟೆಬೆಕ್ಕು ಬುನಾದಿಯಾದವು. 1993ರಲ್ಲಿ ಕಾಶ್ಮೀರದ ಒಂದು ಬೀದಿಬೆಕ್ಕೂ ಸೇರಿಕೊಂಡಿತು. ಕಿವಿಗಳ ನಡುವೆ ಗೆರೆಯ ಬದಲು ಚುಕ್ಕೆಗಳಿದ್ದ ಅದರ ಹೆಸರು ಜಮ್ಮು ಬ್ಲೂ. ಟಿಕಾ ಎಂದು ಕರೆಯುವ ಅಂತರರಾಷ್ಟ್ರೀಯ ಬೆಕ್ಕು ಸಂಘ ಅದೇ 1993ರಲ್ಲಿ ತಳಿಯನ್ನು ನೋಂದಾಯಿಸಿಕೊಂಡಿತು, 2007ರಲ್ಲಿ ಸ್ಪರ್ಧೆಗೆ ಪೂರ್ಣ ಮಾನ್ಯತೆ ಕೊಟ್ಟಿತು.

ಮರಿ ನೋಡಲು ಹೋದವರ ಕಣ್ಣು ಮೊದಲು ಪಟ್ಟೆಯ ಮೇಲೆ ಬೀಳುತ್ತದೆ. ನೀವು ಮೊದಲು ಕೇಳಬೇಕಾದದ್ದು ಅಪ್ಪ ಅಮ್ಮನ ಹೃದಯದ ಸ್ಕ್ಯಾನ್ ವರದಿ. ಹೃದಯದ ಸ್ನಾಯು ದಪ್ಪಗಾಗುವ ಕಾಯಿಲೆ ಬೆಂಗಾಲ್ ಕಡೆಯಿಂದ ಈ ತಳಿಗೂ ಬರಬಹುದು. ಮೇನ್ ಕೂನ್ ಬೆಕ್ಕಿಗೆ ಮಾಡುವ ಜೀನ್ ಪರೀಕ್ಷೆ ಇಲ್ಲಿ ಕೆಲಸಕ್ಕೆ ಬಾರದು. ಎಕೋ ಸ್ಕ್ಯಾನೇ ಆಗಬೇಕು. ಕಾಯಿಲೆ ವಯಸ್ಸಾದಂತೆ ಕಾಣಿಸಿಕೊಳ್ಳುವುದರಿಂದ, ಬೆಕ್ಕಿಗೆ ಒಂದು ವರ್ಷವಾಗಿದ್ದಾಗ ಎಂದೋ ಮಾಡಿಸಿದ ಸ್ಕ್ಯಾನ್ ತೋರಿಸಿದರೆ ಒಪ್ಪಬೇಡಿ, ಇತ್ತೀಚಿನದ್ದು ಕೇಳಿ. ಪೈರುವೇಟ್ ಕೈನೇಸ್ ಕೊರತೆ ಎಂಬ ರಕ್ತಹೀನತೆಗೂ ಕಣ್ಣಿನ ಅಕ್ಷಿಪಟಲ ಸವೆಯುವ ಕಾಯಿಲೆಗೂ ಮಾತ್ರ ಜೀನ್ ಪರೀಕ್ಷೆ ಉಂಟು. ಅಪ್ಪ ಅಮ್ಮ ಇಬ್ಬರದೂ ಫಲಿತಾಂಶ ಕಾಗದದಲ್ಲಿ ಇರಲಿ. "ನಮ್ಮ ಬೆಕ್ಕುಗಳಿಗೆ ಇದುವರೆಗೆ ಏನೂ ಆಗಿಲ್ಲ" ಎನ್ನುವ ಬಾಯಿಮಾತನ್ನು ನಂಬಬೇಡಿ.

12 ವಾರ ತುಂಬದ ಮರಿಯನ್ನು ತರಬೇಡಿ. ತಾಯಿ, ಒಡಹುಟ್ಟಿದವರ ಜೊತೆ ಆಡುವಾಗಲೇ ಅದು ಎಷ್ಟು ಜೋರಾಗಿ ಕಚ್ಚಬಾರದು ಎಂಬುದನ್ನು ಕಲಿಯುವುದು. ಬೇಗ ಬಿಡಿಸಿ ತಂದರೆ ಆಮೇಲೆ ಕೈಗೆಲ್ಲ ಗೀರು.

ಭಾರತಕ್ಕೆ ತರುವಾಗ ಅನಿಮಲ್ ಕ್ವಾರಂಟೈನ್ ಕಚೇರಿಯ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಪ್ರಯಾಣಕ್ಕೆ ಮುಂಚೆಯೇ ಕೈಯಲ್ಲಿರಬೇಕು. ಬೆಂಗಳೂರಿನಲ್ಲಿ ಆ ಕಚೇರಿ ಇದೆ. ಮೈಕ್ರೋಚಿಪ್ ಮೊದಲು, ರೇಬಿಸ್ ಚುಚ್ಚುಮದ್ದು ಆಮೇಲೆ. ಕ್ರಮ ತಪ್ಪಿದರೆ ಯಾವ ಬೆಕ್ಕಿಗೆ ಚುಚ್ಚಿಸಿದಿರಿ ಎನ್ನುವುದಕ್ಕೆ ಪುರಾವೆ ಉಳಿಯುವುದಿಲ್ಲ. ವಿದೇಶದಿಂದ ವಾಸ ಬದಲಿಸಿ ಬರುವವರು ಸಾಕುಪ್ರಾಣಿ ತರುವುದಕ್ಕೆ ಇರುವ ನಿಯಮ ಯಾರಿಗೆ ಅನ್ವಯ ಎಂಬುದನ್ನು ಟಿಕೆಟ್ ಮಾಡಿಸುವ ಮುಂಚೆ ಅದೇ ಕಚೇರಿಯಲ್ಲಿ ವಿಚಾರಿಸಿ.

ಪ್ರಶ್ನೆ: ಬೆಂಗಳೂರಿನಲ್ಲಿ ಒಬ್ಬರು ಇನ್‌ಸ್ಟಾಗ್ರಾಂನಲ್ಲಿ ಟಾಯ್ಗರ್ ಮರಿ ಮಾರುತ್ತಿದ್ದಾರೆ. ಅಸಲಿಯೇ ಎಂದು ತಿಳಿಯುವುದು ಹೇಗೆ?

ಉತ್ತರ: ಫೋಟೊ ನೋಡಿ ತಿಳಿಯಲಾಗದು. ನಮ್ಮ ಬೀದಿಯ ಪಟ್ಟೆಬೆಕ್ಕಿಗೆ ಹೊಟ್ಟೆಯ ಬದಿಯಲ್ಲಿ ಮೀನಿನ ಮುಳ್ಳಿನಂತೆ ಸಣ್ಣ, ಒಂದೇ ಸಮನಾದ ಗೆರೆಗಳು, ಹಣೆಯ ಮೇಲೆ ಇಂಗ್ಲಿಷಿನ ಎಂ ಗುರುತು. ಟಾಯ್ಗರ್‌ನಲ್ಲಿ ಗೆರೆ ದಪ್ಪ, ಮೇಲಿನಿಂದ ಕೆಳಗೆ ಇಳಿಯುತ್ತ ನಡುನಡುವೆ ಒಡೆಯುತ್ತದೆ, ಕವಲೊಡೆಯುತ್ತದೆ. ಮೈ ಕಿತ್ತಳೆ ಛಾಯೆ, ಕಿವಿ ಚಿಕ್ಕದು, ದುಂಡಗೆ. ಆದರೆ ಈ ವಿನ್ಯಾಸ ಒಂದೇ ಜೀನಿನ ಕೆಲಸ ಅಲ್ಲ. ಅಸಲಿ ಜೋಡಿಗೂ ಮಂಕು ಪಟ್ಟೆಯ ಮರಿ ಹುಟ್ಟುತ್ತದೆ, ಬೆಂಗಾಲ್ ಮಿಶ್ರತಳಿಗೆ ಒಮ್ಮೊಮ್ಮೆ ಚೆಂದದ ಪಟ್ಟೆ ಬಂದುಬಿಡುತ್ತದೆ. ಹಾಗಾಗಿ ಅಪ್ಪ ಅಮ್ಮನ ಟಿಕಾ ನೋಂದಣಿ, 15 ಅಂಕಿಯ ಮೈಕ್ರೋಚಿಪ್ ನಂಬರು, ಅವುಗಳನ್ನು ವಿದೇಶದಿಂದ ತಂದ ಕಾಗದ, ಮೂರನ್ನೂ ಕೇಳಿ. ತಾಯಿಬೆಕ್ಕನ್ನು ಕಣ್ಣಾರೆ ನೋಡಿ. ಮುಂಗಡ ಕಳಿಸಿ, ಆಮೇಲೆ ತೋರಿಸುತ್ತೇವೆ ಅನ್ನುವವರನ್ನು ಅಲ್ಲಿಗೇ ಬಿಟ್ಟುಬಿಡಿ.

ಬರೀ ಪಟ್ಟೆಯ ಆಸೆಯಾದರೆ, ಪ್ರಾಣಿ ರಕ್ಷಣೆ ಮಾಡುವವರ ಬಳಿ ಪಟ್ಟೆಯ ನಾಡಬೆಕ್ಕಿನ ಮರಿಗಳು ಯಾವಾಗಲೂ ಸಿಗುತ್ತವೆ. ನಮ್ಮ ಸಲಹೆ ಅದೇ. ಮುಂದಿನ ಉತ್ತರಗಳು ಎರಡಕ್ಕೂ ಒಂದೇ.

ಪ್ರಶ್ನೆ: ನಮ್ಮದು ಸಸ್ಯಾಹಾರಿ ಮನೆ. ಮರಿಗೆ ಹಾಲನ್ನ, ಮೊಸರನ್ನ ಹಾಕಿದರೆ ಸಾಲದೆ? (ಧಾರವಾಡ)

ಉತ್ತರ: ಸಾಲದು. ಬೆಕ್ಕಿಗೆ ಟಾರಿನ್ ಎಂಬ ಅಂಶ ಬೇಕೇಬೇಕು, ಅದು ಮಾಂಸದಲ್ಲಿದೆ, ಅನ್ನ ಮೊಸರಲ್ಲಿ ಸಾಕಷ್ಟಿಲ್ಲ. ತಿಂಗಳುಗಟ್ಟಲೆ ಕೊರತೆಯಾದರೆ ಕಣ್ಣು ಹೋಗುತ್ತದೆ, ಹೃದಯ ಹಿಗ್ಗಿ ಸೋಲುತ್ತದೆ. ಮನೆಯಲ್ಲಿ ಮಾಂಸ ಬೇಯಿಸಲು ಆಗದವರು ಪ್ಯಾಕೆಟ್ ಆಹಾರ ಕೊಡಿ. ಅದರ ಮೇಲೆ "ಸಂಪೂರ್ಣ ಆಹಾರ" ಎಂದಿರಬೇಕು. ಪೂರಕ ಆಹಾರ ಎಂದಿದ್ದರೆ ಅದು ತಿಂಡಿ, ಊಟವಲ್ಲ. ನಾಯಿಯ ಆಹಾರ ಬೇಡ.

ಸಂತಾನಹರಣ ಶಸ್ತ್ರಚಿಕಿತ್ಸೆ ಆದ 4 ಕಿಲೊ ಬೆಕ್ಕಿಗೆ ದಿನಕ್ಕೆ ಸುಮಾರು 200 ಕ್ಯಾಲೊರಿ ಸಾಕು. ಒಣ ಆಹಾರವಾದರೆ 50ರಿಂದ 55 ಗ್ರಾಂ, ಎರಡು ಮೂರು ಹೊತ್ತಿಗೆ ಹಂಚಿ. ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಹಾಕಿ. ಕೈಯಳತೆಯಲ್ಲಿ ಹಾಕುವ ಮನೆಗಳಲ್ಲೇ ಬೆಕ್ಕು ಉಬ್ಬುವುದು. ಒಣ ಆಹಾರ ತಿನ್ನುವ ಬೆಕ್ಕು ನೀರು ಕುಡಿಯುವುದು ಕಡಿಮೆ. ನೀರಿನ ಬಟ್ಟಲನ್ನು ಊಟದ ತಟ್ಟೆಯಿಂದ ದೂರ, ಎರಡು ಮೂರು ಕಡೆ ಇಡಿ. ಬೆಳೆದ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಹಾಲು ಜೀರ್ಣವಾಗದು, ಭೇದಿಯಾಗುತ್ತದೆ. ಈರುಳ್ಳಿ, ಬೆಳ್ಳುಳ್ಳಿ ಹಾಕಿದ ಸಾರು ತಾಗಿದ ಅನ್ನವೂ ಬೇಡ, ಅದು ರಕ್ತಕಣ ಒಡೆಯುತ್ತದೆ.

ಪ್ರಶ್ನೆ: ಎಂಟು ತಿಂಗಳ ಗಂಡುಬೆಕ್ಕು ಮಲಮೂತ್ರಕ್ಕೆ ಇಟ್ಟ ತಟ್ಟೆ ಬಿಟ್ಟು ಹಾಸಿಗೆಯ ಮೇಲೆ ಉಚ್ಚೆ ಹೊಯ್ಯುತ್ತಿದೆ. ಬೈದರೂ ಬುದ್ಧಿ ಬರುತ್ತಿಲ್ಲ. (ಮೈಸೂರು)

ಉತ್ತರ: ಬೈಯುವುದನ್ನು ನಿಲ್ಲಿಸಿ, ಮೊದಲು ಅದು ಉಚ್ಚೆಗೆ ಕೂತಾಗ ನೋಡಿ. ಪದೇಪದೇ ಮುಕ್ಕರಿದು ಹನಿ ಮಾತ್ರ ಬೀಳುತ್ತಿದ್ದರೆ, ಅಥವಾ ಏನೂ ಬಾರದಿದ್ದರೆ, ಅದು ಮೂತ್ರನಾಳ ಕಟ್ಟಿಕೊಂಡ ಲಕ್ಷಣ. ಗಂಡಿಗೆ ನಾಳ ಕಿರಿದು. ಪೂರ್ತಿ ಕಟ್ಟಿದರೆ ಒಂದೆರಡು ದಿನದಲ್ಲಿ ಜೀವ ಹೋಗಬಹುದು, ರಾತ್ರಿಯಾದರೂ ಸರಿ ವೈದ್ಯರ ಬಳಿ ಓಡಿ.

ಹಾಗಿಲ್ಲದೆ ಧಾರಾಳವಾಗಿ ಹೊಯ್ಯುತ್ತಿದ್ದರೆ ತಟ್ಟೆಯ ಕಡೆ ನೋಡಿ. ಪೆಟ್ ಅಂಗಡಿಯ ಹೆಚ್ಚಿನ ತಟ್ಟೆಗಳು ಬೆಳೆದ ಬೆಕ್ಕಿಗೆ ಚಿಕ್ಕವು. ಮೂಗಿನಿಂದ ಬಾಲದ ಬುಡದವರೆಗಿನ ಉದ್ದದ ಒಂದೂವರೆಯಷ್ಟು ತಟ್ಟೆ ಇರಬೇಕು. ದೊಡ್ಡ ಪ್ಲಾಸ್ಟಿಕ್ ಟಬ್ಬಿನ ಒಂದು ಬದಿಯನ್ನು ತಗ್ಗಾಗಿ ಕೊಯ್ದರೂ ನಡೆಯುತ್ತದೆ. ತಟ್ಟೆಯಲ್ಲಿ 5 ಸೆಂಟಿಮೀಟರ್ ದಪ್ಪಕ್ಕೆ ಲಿಟರ್ (ಉಚ್ಚೆ ಹೀರುವ ಹರಳು) ಹಾಕಿ, ಸುವಾಸನೆ ಇಲ್ಲದ್ದು. ದಿನಕ್ಕೆ ಎರಡು ಸಲ ಅದರಲ್ಲಿನ ಗಟ್ಟಿ ಉಂಡೆ, ಮಲ ಎತ್ತಿ ತೆಗೆಯಿರಿ. ಒಂದು ಬೆಕ್ಕಿಗೆ ಎರಡು ತಟ್ಟೆ, ಎರಡು ಬೆಕ್ಕಿಗೆ ಮೂರು. ಯಾವುದೂ ವಾಷಿಂಗ್ ಮೆಷಿನ್ ಪಕ್ಕ ಬೇಡ. ಹಾಸಿಗೆಯನ್ನು ಫಿನಾಯಿಲ್ ಹಾಕಿ ಒರೆಸಬೇಡಿ. ಅದು ಬೆಕ್ಕಿಗೆ ವಿಷ, ವಾಸನೆಯೂ ಹೋಗದು. ಕಿಣ್ವ ಇರುವ ಕ್ಲೀನರ್ ಬಳಸಿ.

ಬೀಜ ತೆಗೆಸಿಲ್ಲವಾದರೆ ಈ ವಾರವೇ ತೆಗೆಸಿ. ಎಂಟು ತಿಂಗಳು ತಡವೇ ಆಯಿತು, ನಾಲ್ಕರಿಂದ ಆರು ತಿಂಗಳಿಗೆ ಆಗಬೇಕಿತ್ತು. ಗೋಡೆಗೆ ಬೆನ್ನು ಮಾಡಿ ನಿಂತು, ಬಾಲ ನಡುಗಿಸುತ್ತ ಸಿಡಿಸುವ ಚಾಳಿ ಒಮ್ಮೆ ಬೇರೂರಿದರೆ ಶಸ್ತ್ರಚಿಕಿತ್ಸೆಯ ನಂತರವೂ ಕೆಲವಕ್ಕೆ ಹೋಗುವುದಿಲ್ಲ.

ಪ್ರಶ್ನೆ: ನಾಯಿಗೆ ತಂದ ಚಿಗಟದ ಔಷಧಿ ಉಳಿದಿದೆ. ಬೆಕ್ಕಿಗೆ ಅರ್ಧ ಹಾಕಬಹುದೇ? (ಹಾಸನ)

ಉತ್ತರ: ಬೇಡ. ನಾಯಿಯ ಎಷ್ಟೋ ಔಷಧಿಗಳಲ್ಲಿ ಪರ್ಮೆಥ್ರಿನ್ ಇರುತ್ತದೆ. ಬೆಕ್ಕಿಗೆ ಒಂದೆರಡು ಹನಿ ತಾಗಿದರೂ ನಡುಕ, ಫಿಟ್ಸ್ ಬರುತ್ತದೆ. ಈಗಾಗಲೇ ಹಾಕಿದ್ದರೆ ಪಾತ್ರೆ ತೊಳೆಯುವ ಸೋಪು, ಉಗುರುಬೆಚ್ಚಗಿನ ನೀರಲ್ಲಿ ತೊಳೆದು ಪ್ಯಾಕೆಟ್ ಸಮೇತ ವೈದ್ಯರಲ್ಲಿಗೆ ಹೋಗಿ. ಜ್ವರಕ್ಕೆ ಪ್ಯಾರಾಸಿಟಮಾಲ್ ಕೂಡ ಕೊಡಕೂಡದು. ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು.